ಎಡ ಪಕ್ಕೆಯ ಸರ್ಪ, ಬಲ ಪಕ್ಕೆಯ ಕೆಮ್ಮಣ್ಣು

ಕೋಲಾರದಲ್ಲಿ ಅರವತ್ತು ದಾಟಿದವರಿಗೆ ಏನು ಕಾಯಿಲೆ ಬಂದಿದೆ ಎಂಬುದು ವೈದ್ಯರಿಗಿಂತ ಮೊದಲು ನೆಂಟರಿಗೆ ಗೊತ್ತಾಗುತ್ತದೆ. ನನ್ನ ಎಡ ಪಕ್ಕೆಯಲ್ಲಿ ಉರಿ ಶುರುವಾದಾಗ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಆದರೂ ನನ್ನ ತಮ್ಮ ಫೋನಿನಲ್ಲೇ ಅದು ಹೃದಯವೆಂದ. ಹೆಂಡತಿ, ಮುಳಬಾಗಿಲಿನಲ್ಲಿ ತಿಂದ ದೋಸೆಯ ತುಪ್ಪವೆಂದಳು. ಇಸಿಜಿಯಲ್ಲಿ ಹೃದಯ ನಿರ್ದೋಷಿ ಎಂದು ಬಂತು. ತುಪ್ಪದ ಮೇಲಿನ ಆರೋಪ ಹಾಗೆಯೇ ಉಳಿಯಿತು.

ಥರ್ಮಾಮೀಟರ್ ಕೂಡ ನನ್ನ ಪರವಾಗಿ ಸಾಕ್ಷಿ ನುಡಿಯಲಿಲ್ಲ. ವಯಸ್ಸಾದವರಿಗೆ ಸೋಂಕು ತಗುಲಿದರೂ ಎಷ್ಟೋ ಸಲ ಮೈ ಬಿಸಿಯೇರುವುದಿಲ್ಲ. ಇದನ್ನು ವೈದ್ಯರು ಬಲ್ಲರು, ಮನೆಯವರು ಒಪ್ಪುವುದಿಲ್ಲ. ಜ್ವರವಿಲ್ಲದ ಕಾಯಿಲೆಗೆ ನಮ್ಮ ಮನೆಯಲ್ಲಿ ಗಂಜಿಯೂ ಇಲ್ಲ, ಮರ್ಯಾದೆಯೂ ಇಲ್ಲ. ಪಕ್ಕೆ ಹಿಡಿದುಕೊಂಡೇ ಒಂದು ಬುಟ್ಟಿ ಅವರೆಕಾಯಿ ಸುಲಿದೆ. ಕಾಳು ನೆನೆದ ಮೇಲೆ ಹಿದುಕುವ ಕೆಲಸವೂ ನನಗೇ ಬಂತು.

ಆಮೇಲೆ ಗುಳ್ಳೆಗಳು ಎದ್ದವು. ಬೆನ್ನಿನಿಂದ ಹೊರಟು ಪಕ್ಕೆಯನ್ನು ಬಳಸಿ ಹೊಟ್ಟೆಯ ಕಡೆಗೆ ಸಾಲುಗಟ್ಟಿದವು. ಸುದ್ದಿ ಮಾಲೂರು ಮುಟ್ಟಿ, ದೊಡ್ಡಮ್ಮ ಕೆಮ್ಮಣ್ಣಿನ ಉಂಡೆ ಸಮೇತ ಬಂದಿಳಿದರು. ಅಂಗಿ ತಾಗಿದರೂ ಪ್ರಾಣ ಹೋಗುತ್ತಿದ್ದುದರಿಂದ ಬರೀ ಪಂಚೆಯಲ್ಲಿ ನಿಂತಿದ್ದ ನನ್ನನ್ನು ಒಂದು ಸುತ್ತು ತಿರುಗಿಸಿ ನೋಡಿದರು.

"ಸರ್ಪಸುತ್ತು ಕಣೋ. ತಲೆಯೂ ಬಾಲವೂ ಕೂಡುವುದರೊಳಗೆ ಬಳಿಯಬೇಕು."

"ಕೂಡಿದರೆ ಏನಾಗುತ್ತದೆ ದೊಡ್ಡಮ್ಮ?"

ಅವರು ನನ್ನ ಹೆಂಡತಿಯ ಕುಂಕುಮದ ಕಡೆ ನೋಡಿ ಸುಮ್ಮನಾದರು.

ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳಲ್ಲ, ಹೋಗಿ ಕೈಮುಗಿದು ಬರುತ್ತೇನೆ ಎಂದೆ. ಅದು ಆಗದಂತೆ. ಚೇಳಮ್ಮನ ಖಾತೆ ಚೇಳಿಗೆ ಮಾತ್ರ; ಹಾವಿನ ವಿಷಯಕ್ಕೆ ಗೌರಿಬಿದನೂರಿನ ಆಚೆಯ ವಿದುರಾಶ್ವತ್ಥಕ್ಕೇ ಹೋಗಿ ನಾಗರಕಲ್ಲು ನಿಲ್ಲಿಸಬೇಕು. ದೇವರುಗಳಲ್ಲೂ ಕಡತ ಇಲಾಖೆಯಿಂದ ಇಲಾಖೆಗೆ ಹೋಗುತ್ತದೆ ಎಂದು ಅಂದು ತಿಳಿಯಿತು.

ಚಿಕಿತ್ಸಾಲಯದಲ್ಲಿದ್ದವರು ಕಿರಿಯ ವಯಸ್ಸಿನ ವೈದ್ಯೆ. "ಸರ್, ಚಿಕ್ಕವರಿದ್ದಾಗ ಸೀತಾಳೆ ಸಿಡುಬು ಆಗಿತ್ತೇ?" ಎಂದು ಕೇಳಿದರು. ಆಗಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಮನೆಗೆ ಅಮ್ಮ ಬಂದಿದ್ದಾಳೆಂದು ಒಗ್ಗರಣೆಯನ್ನೂ ನಿಲ್ಲಿಸಿದ್ದರು. ತಲೆಗೆ ನೀರು ಹಾಕಿ ಅಮ್ಮನನ್ನು ಗೌರವದಿಂದ ಬೀಳ್ಕೊಟ್ಟೆವು ಎಂದೇ ನಾವೆಲ್ಲ ನಂಬಿದ್ದೆವು. ವೈರಸ್ ಮಾತ್ರ ಹೊರಟಿರಲಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟಿನೊಳಗೆ ಇಷ್ಟು ವರ್ಷ ಸದ್ದಿಲ್ಲದೆ ಮಲಗಿದ್ದು, ಕಾವಲು ಸಡಿಲವಾದದ್ದನ್ನು ಕಂಡು ಎದ್ದಿತ್ತು.

ಕಾವಲು ಏಕೆ ಸಡಿಲವಾಯಿತು ಎಂಬುದನ್ನು ಕೇಳಿ ನನಗೆ ನಿಜಕ್ಕೂ ಬೇಸರವಾಯಿತು. ಎದೆಗೂಡಿನ ಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ. ರೋಗದೊಡನೆ ಹೋರಾಡುವ ಟಿ ಕೋಶಗಳು ಕಲಿತು ತೇರ್ಗಡೆಯಾಗುವುದು ಅಲ್ಲಿ. ಹರೆಯ ಕಳೆದಂತೆ ಅದು ಕುಗ್ಗುತ್ತಾ ಹೋಗಿ, ಆ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ನಾನು, ಮಕ್ಕಳಿಲ್ಲವೆಂದು ಮುಚ್ಚುವ ಸರ್ಕಾರಿ ಶಾಲೆಗಳ ಬಗ್ಗೆ ಎಷ್ಟು ಭಾಷಣ ಮಾಡಿದ್ದೇನೋ. ನನ್ನ ಎದೆಯೊಳಗಿನ ಶಾಲೆಯಲ್ಲೇ ದಾಖಲಾತಿ ಇಳಿಮುಖವಾಗಿತ್ತು. ಹಳೆಯ ವಿದ್ಯಾರ್ಥಿಗಳು ಇದ್ದಾರೆ, ಎಂದೋ ಕಂಡ ರೋಗಾಣುಗಳನ್ನು ಗುರುತಿಟ್ಟುಕೊಂಡಿದ್ದಾರೆ. ಆದರೆ ಅವರಿಗೂ ವಯಸ್ಸಾಗಿದೆ. ಹೊಸ ಪಾಠ ಕಲಿಯಬಲ್ಲವರ ಸಂಖ್ಯೆಯೇ ಕಡಿಮೆ, ಆದ್ದರಿಂದ ಇಳಿವಯಸ್ಸಿನಲ್ಲಿ ಎಷ್ಟೋ ಲಸಿಕೆಗಳೂ ಮೊದಲಿನಷ್ಟು ಚೆನ್ನಾಗಿ ನಾಟುವುದಿಲ್ಲ.

ಗುಳ್ಳೆ ಎದ್ದು 72 ಗಂಟೆ ಕಳೆಯುವ ಮೊದಲೇ ಬಂದದ್ದು ಒಳ್ಳೆಯದಾಯಿತು ಎಂದು ವೈರಸ್ ತಡೆಯುವ ಔಷಧಿ ಅಸೈಕ್ಲೋವಿರ್ ಬರೆದುಕೊಟ್ಟರು. ಮಣ್ಣು ಬಳಿದರೆ ಗುಳ್ಳೆ ಕೀವಾದೀತು ಎಂದು ಎಚ್ಚರಿಸಿದರು. ಮೊಮ್ಮಗನಿಗೆ ಇನ್ನೂ ಸೀತಾಳೆಯೂ ಬಂದಿಲ್ಲ, ಅದರ ಲಸಿಕೆಯೂ ಆಗಿಲ್ಲ; ನನ್ನ ಗುಳ್ಳೆಗಳಿಂದ ಅವನಿಗೆ ಸೀತಾಳೆ ಹತ್ತಬಹುದು, ಒಣಗುವವರೆಗೆ ದೂರವಿರಲಿ ಎಂದರು. ಅವನು ಕಿಟಕಿಯ ಸರಳು ಹಿಡಿದು, "ತಾತ, ಹಾವು ತೋರಿಸು" ಎಂದು ದಿನವೂ ಗೋಳಾಡಿದ.

ದೊಡ್ಡಮ್ಮನಿಗೆ ವೈದ್ಯೆಯ ಮಾತು ಹೇಳಿದೆ: ಈ ಗುಳ್ಳೆ ಒಂದು ನರದ ಹಾದಿ ಹಿಡಿದು ಬರುತ್ತದೆ, ಸಾಮಾನ್ಯವಾಗಿ ಮೈಯ ನಡುಗೆರೆ ದಾಟುವುದಿಲ್ಲ, ತಲೆ ಬಾಲ ಕೂಡುವ ಭಯ ಬೇಡ. ಅವರು ಒಪ್ಪಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಗುಳ್ಳೆ ಇರುವ ಕಡೆ ತಾನೇ ಬಳಿಯಬಾರದು? ನನ್ನ ಆರೋಗ್ಯವಂತ ಬಲ ಪಕ್ಕೆಗೆ ಕೆಮ್ಮಣ್ಣು ಬಳಿದು, ಎಲ್ಲೆ ಗುರುತಿಸಿ ಕೈತೊಳೆದುಕೊಂಡರು. ಕೊರಿಯರ್ ಹುಡುಗನ ಮುಂದೆ ಅರ್ಧ ಕೆಂಪು, ಅರ್ಧ ಗುಳ್ಳೆಯ ಮೈಯಲ್ಲಿ ನಿಂತು ಸಹಿ ಹಾಕಿದೆ. ಅವನು ಪೆನ್ನನ್ನು ವಾಪಸು ಕೇಳಲಿಲ್ಲ.

ಗುಳ್ಳೆಗಳು ಹೊಕ್ಕುಳ ಹತ್ತಿರಕ್ಕೆ ಬಂದು ನಿಂತವು. ವೈದ್ಯೆ ನರದ ವಿಸ್ತಾರ ಮುಗಿಯಿತು ಎಂದರು, ದೊಡ್ಡಮ್ಮ ಮಣ್ಣು ಕಂಡು ಹಾವು ಹಿಂಜರಿಯಿತು ಎಂದರು. ಗುಳ್ಳೆ ಹೋದರೂ ನೋವು ವಾರಗಟ್ಟಲೆ ಹಿಂದೆ ಉಳಿಯಬಹುದು, ವಯಸ್ಸು ಹೆಚ್ಚಿದಷ್ಟೂ ಆ ಸಾಧ್ಯತೆ ಹೆಚ್ಚು, ನನಗೂ ಉಳಿಯಿತು. ಸರ್ಪಸುತ್ತಿಗೆ ಐವತ್ತು ದಾಟಿದವರಿಗಾಗಿ ಲಸಿಕೆ ಇದೆ, ಎರಡು ಡೋಸ್, ಪೂರ್ತಿ ಗುಣವಾದ ಮೇಲೆ ನೀವೂ ಹಾಕಿಸಿಕೊಳ್ಳಬಹುದು ಎಂದು ವೈದ್ಯೆ ಹೇಳಿದ್ದನ್ನು ಮನೆಯಲ್ಲಿ ಪ್ರಸ್ತಾಪಿಸಿದೆ. ದೊಡ್ಡಮ್ಮ ಬೆಲೆ ಕೇಳಿದರು. ಹೇಳಿದೆ.

"ಅಷ್ಟು ದುಡ್ಡಿಗೆ ವಿದುರಾಶ್ವತ್ಥದಲ್ಲಿ ಕಲ್ಲು ನಿಲ್ಲಿಸಿ, ಬಂದವರಿಗೆಲ್ಲ ಪಾಯಸದ ಊಟ ಹಾಕಿಸಬಹುದು" ಎಂದು ಲೆಕ್ಕ ಹಾಕಿದರು. ಸ್ವಲ್ಪ ಹೊತ್ತು ಯೋಚಿಸಿ, ಹೆಂಡತಿ ಒಳಗೆ ಹೋದದ್ದನ್ನು ನೋಡಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು:

"ಆ ಸೂಜಿ ನನ್ನ ವಯಸ್ಸಿನವರಿಗೂ ಹಾಕುತ್ತಾರೇನೋ?"