18 ದಿನದ ಬಾಂಧವ್ಯ

ನಮ್ಮ ಓಣಿಯ ಗಟಾರದ ಸ್ಲ್ಯಾಬ್ ಮತ್ತೆ ಸುದ್ದಿಯಲ್ಲಿದೆ. ಫೋಟೊ ನೀವೂ ನೋಡಿರುತ್ತೀರಿ, ಅರ್ಧ ಧಾರವಾಡದ ವಾಟ್ಸಾಪ್ ಸುತ್ತಿ ಬಂದಿದೆ. ಮೇಲೆ ಹಾಕಿದ ಎರಡು ಇಂಚಿನ ತೇಪೆ 18 ದಿನಕ್ಕೆ ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂತು. ಒಡೆಯಲಿಲ್ಲ, ಪುಡಿಯಾಗಲಿಲ್ಲ. ಓಣಿಯ ಹುಡುಗರು ನಾಲ್ವರು ಸೇರಿ ಅದನ್ನು ಎತ್ತಿ ಗೋಡೆಗೆ ಒರಗಿಸಿ, ಸೀಮೆಸುಣ್ಣದಿಂದ ಮೂರು ಗೆರೆ ಎಳೆದು ಸ್ಟಂಪ್ ಮಾಡಿಕೊಂಡಿದ್ದಾರೆ. ಇಷ್ಟು ಗಟ್ಟಿ ಸ್ಟಂಪ್ ಕೊಟ್ಟ ಗುತ್ತಿಗೆದಾರರಿಗೆ ಶಾಲು ಹೊದಿಸಲೇಬೇಕು.

ಅದರ ತಳ ಸವರಿ ನೋಡಿದೆ. ನುಣ್ಣಗಿತ್ತು. ಬೆರಳಿಗೆಲ್ಲ ಕೆಂಪು ಧೂಳು. ಒಂದು ಮೂಲೆಯಲ್ಲಿ ಹಾಲಿನ ಕೆನೆಯಂಥ ಪೊರೆ, ಉಗುರಿನಿಂದ ಎಳೆದರೆ ಸುಲಿದು ಬಂತು.

ರೊಟ್ಟಿ ಬಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗೆ ಒಣ ಹಿಟ್ಟು ಉದುರಿಸುವುದೇ ಅಂಟಬಾರದು ಅಂತ ಅಲ್ವಾ? ಹಳೇ ಕಾಂಕ್ರೀಟಿಗೆ ಹೊಸದು ಹಿಡಿಯಬೇಕಾದರೆ ಮೇಲಿನ ನುಣುಪು ಹೋಗಿ ಒಳಗಿನ ಖಡಿ, ಅಂದರೆ ಜಲ್ಲಿಕಲ್ಲು, ಕಾಣುವವರೆಗೆ ಉಳಿಯಿಂದ ಕಚ್ಚು ಹೊಡೆಯಬೇಕು. ಧೂಳು ತೊಳೆಯಬೇಕು. ಹಳೆಯದಕ್ಕೆ ಹೊಟ್ಟೆ ತುಂಬ ನೀರು ಕುಡಿಸಬೇಕು, ಇಲ್ಲದಿದ್ದರೆ ಹೊಸದರ ನೀರನ್ನೇ ಹೀರುತ್ತದೆ. ಹಾಗಂತ ಮೇಲೆ ನೀರು ನಿಲ್ಲಲೂ ಬಾರದು. ಆಮೇಲೆ ಸಿಮೆಂಟ್ ಹಾಲು ಬಳಿದು, ಅದು ಹಸಿ ಇರುವಾಗಲೇ ಮಾಲು, ಅಂದರೆ ಕಲಸಿದ ಹೊಸ ಕಾಂಕ್ರೀಟ್, ಸುರಿಯಬೇಕು.

ನಮ್ಮ ತೇಪೆಗೆ ಇನ್ನೂ ದೊಡ್ಡ ಮರ್ಯಾದೆ. ಬಾಂಡಿಂಗ್ ಕೆಮಿಕಲ್ಲಿನ ಡಬ್ಬಿಯೇ ಬಂತು! ಬೆಳಗ್ಗೆ 11ಕ್ಕೆ ಧೂಳಿನ ಮೇಲೇ ಬ್ರಷ್ ಆಡಿಸಿದರು. ಮಾಲು ಬಂದದ್ದು ಮೂರೂವರೆಗೆ. ನಡುವೆ ಗಿರಮಿಟ್, ಮಿರ್ಚಿ, ಎರಡು ಸಲ ಚಹಾ. ಅಷ್ಟರಲ್ಲಿ ಕೆಮಿಕಲ್ ಒಣಗಿ ಪ್ಲಾಸ್ಟಿಕ್ ಹಾಳೆಯಾಗಿತ್ತು. ಹಿಡಿಸಲು ತಂದದ್ದೇ ಬಿಡಿಸುವ ಕೆಲಸ ಮಾಡಿತು.

"ಕಾಕಾ, ಕಚ್ಚು ಹೊಡೀಲಿಲ್ಲಲ್ಲ?" ಅಂತ ಗೌಂಡಿಯನ್ನು ಕೇಳಿದ್ದೆ.

"ಉಳಿ ಕೊಟ್ಟಿಲ್ರಿ ಸರ. ಡಬ್ಬಿ ಕೊಟ್ಟಾರ, ಹಚ್ಚೇವಿ."

ಹಿಡಿಯುವ ಮಾತು ಬಂತು ನೋಡಿ. 1962ರಲ್ಲಿ ಹುಬ್ಬಳ್ಳಿಯನ್ನೂ ಧಾರವಾಡವನ್ನೂ ಕೂಡಿಸಿ ಒಂದೇ ಪಾಲಿಕೆ ಮಾಡಿದರು. ನಡುವೆ 20 ಕಿಲೋಮೀಟರ್ ಬಿರುಕು. ಒಂದೂರು ವ್ಯಾಪಾರ, ಇನ್ನೊಂದೂರು ಪಾಠ ಮತ್ತು ಪೇಢಾ. ಧಾರವಾಡಕ್ಕೆ ಬೇರೆ ಪಾಲಿಕೆ ಆಗಲಿ ಅಂತ ಸಚಿವ ಸಂಪುಟ ಒಪ್ಪಿದ್ದು 2025ರ ಜನವರಿಯಲ್ಲಿ. ಗೊಣಗುತ್ತಲೇ ಅರವತ್ತು ವರ್ಷದ ಮೇಲೆ ಹಿಡಿದುಕೊಂಡಿತ್ತು! ಆ ಕಾಲದವರು ಏನೇ ಅಂದರೂ ಕಚ್ಚು ಹೊಡೆದೇ ಕೂಡಿಸಿದ್ದರು ಅನಿಸುತ್ತದೆ.

ಇನ್ನು ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ಒಣಗಗೊಡದೆ ಗಟ್ಟಿಯಾಗಿಸುವುದು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ಹಸಿ ಇಡಿ ಅನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456. ನಮ್ಮ ತೇಪೆಗೆ ಒಂದು ಗೋಣಿಚೀಲ ಹೊದಿಸಿದರು. ಅದರ ಮೇಲೆ ನಾಯಿ ಮಲಗಿತು. ಮೂರನೇ ದಿನ ಚೀಲವೂ ಇಲ್ಲ, ನಾಯಿಯೂ ಇಲ್ಲ.

ಒಂದು ಉಳಿ, ಒಂದು ಕಸಬರಿಗೆ, ನಾಲ್ಕು ಕೊಡ ನೀರು, ಅರ್ಧ ದಿನದ ಕೂಲಿ. ಅದನ್ನು ಉಳಿಸಿದರು. ತೇಪೆ ಎದ್ದ ತಗ್ಗಿನಲ್ಲಿ ಕಾಲಿಟ್ಟು ಹಿಂದಿನ ಮನೆಯ ಅಜ್ಜಿ ಮಣಿಕಟ್ಟು ಮುರಿದುಕೊಂಡರು. ನಾನು ಇಲ್ಲಿ ಕೂತು ಜೋಕು ಬರೆಯುತ್ತಿದ್ದೇನೆ. ಸಾಕಾಗಿದೆ ಮಾರಾಯ್ರೇ.

ನಿನ್ನೆ ಮತ್ತೆ ಬಂದಿದ್ದರು. ಅದೇ ಡಬ್ಬಿ, ಅದೇ ಬ್ರಷ್. ಸೂಪರ್‌ವೈಸರ್ ಗೋಡೆಗೆ ಒರಗಿದ್ದ ತೇಪೆಯನ್ನು ಬಡಿದು ನೋಡಿ, "ಮಾಲು ಗಟ್ಟಿ ಐತಿ, ಇದನ್ನ ಮತ್ತ ಕೂಡಿಸೂಣು" ಅಂದರು.

"ಏ ಅಂಕಲ್, ತಡೀರಿ, ಇನ್ನೂ ಎರಡು ಓವರ್ ಅದಾವು" ಅಂದ ಬೌಲರ್.