ಮಿರ್ಜಾನ್ ಕೋಟೆಯ ಗೋಡೆ ಯಾರ ಅಭಿಪ್ರಾಯ ಪುಸ್ತಕವೂ ಅಲ್ಲ

ನಿನ್ನೆ ಸಂಜೆ ನಮ್ಮ ಹೋಂಸ್ಟೇಯಿಂದ ಹೊರಟ ಕುಟುಂಬವೊಂದು ಜಗುಲಿಯ ಮೇಲಿರುವ ಅಭಿಪ್ರಾಯ ಪುಸ್ತಕದಲ್ಲಿ ಪುಟ ತುಂಬ ಒಳ್ಳೆಯ ಮಾತು ಬರೆದಿಟ್ಟು ಹೋಯಿತು. ಬರೆದ ಯುವಕ ಪೆನ್ನು ಕೆಳಗಿಡುತ್ತ, "ಅಕ್ಕಾ, ಕೋಟೆಯಲ್ಲೂ ನಮ್ಮ ನೆನಪು ಬಿಟ್ಟು ಬಂದಿದ್ದೇವೆ ನೋಡಿ" ಎಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಕುಮಟಾ ತಾಲೂಕಿನ ಮಿರ್ಜಾನ್ ಕೋಟೆಯ ಗೋಡೆ, ಅದರ ಮೇಲಿನ ಹಸಿರು ಪಾಚಿ, ಆ ಪಾಚಿಯನ್ನು ಕೆರೆದು ಕಲ್ಲಿನೊಳಗೆ ಇಳಿಸಿದ ಎರಡು ಹೆಸರು. ಕಾರಿನ ಕೀಲಿಯಿಂದ ಕೊರೆದದ್ದಂತೆ. ಹೇಳಬೇಕಾದದ್ದನ್ನು ಅವನ ಎದುರಿನಲ್ಲೇ ಹೇಳಿದೆ, ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ರಾತ್ರಿ ಕಳೆದರೂ ನನ್ನ ಸಿಟ್ಟು ಇಳಿದಿಲ್ಲ.

ನಮ್ಮ ಮನೆಗೆ ಬಂದವರಿಗೆ ಆ ಪುಸ್ತಕದ ವಿಷಯ ಗೊತ್ತಿದೆ. ಅಪ್ಪೆಹುಳಿಗೆ ಉಪ್ಪು ಹೆಚ್ಚಾಯಿತೆಂದು ಬರೆದವರಿದ್ದಾರೆ, ಸೊಳ್ಳೆಪರದೆ ಹರಿದಿದೆ ಎಂದವರಿದ್ದಾರೆ, ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ಬೆಳೆಯುವ ಕಗ್ಗ ಎಂಬ ಭತ್ತದ ಬಗ್ಗೆ ನಾನು ಹೇಳಿದ್ದರಲ್ಲಿ ತಪ್ಪು ತೋರಿಸಲು ಎರಡು ಪುಟ ಬರೆದ ಹಿರಿಯರೂ ಇದ್ದಾರೆ. ಪ್ರತಿಯೊಂದನ್ನೂ ಓದಿ, ಕೆಳಗೆ ನನ್ನ ಉತ್ತರವನ್ನು ಬರೆದಿಡುತ್ತೇನೆ. ಮುಂದೆ ಬರುವವರು ಎರಡನ್ನೂ ಓದುತ್ತಾರೆ. ಕಹಿಯಾಗಿ ಬರೆದದ್ದನ್ನು ಕೂಡ ಅಳಿಸುವುದಿಲ್ಲ. ಅಡುಗೆಗೆ ಬರುವ ಹೆಂಗಸಿನ ಬಗ್ಗೆ ಒಬ್ಬರು ಕೀಳಾಗಿ ಬರೆದಿದ್ದ ಹಾಳೆಯನ್ನು ಮಾತ್ರ ಹರಿದು ಒಲೆಗೆ ಹಾಕಿದ್ದೇನೆ. ಮನೆ ನನ್ನದು, ಪುಸ್ತಕ ನನ್ನದು, ಬಂದವರು ಬರೆಯಲೆಂದೇ ನಾನು ಅದನ್ನು ತೆರೆದಿಟ್ಟಿದ್ದೇನೆ. ಕೋಟೆಯನ್ನು ಹಾಗೆ ಬರೆಯಲೆಂದು ಯಾರೂ ತೆರೆದಿಟ್ಟಿಲ್ಲ, ಅಲ್ಲಿ ಕೊರೆದದ್ದಕ್ಕೆ ಉತ್ತರ ಕೊಡುವವರಿಲ್ಲ, ಕೊರೆದದ್ದನ್ನು ಹರಿದು ತೆಗೆಯುವುದಕ್ಕೂ ಆಗುವುದಿಲ್ಲ.

"ಒಂದು ಸಣ್ಣ ಗೀರು, ಅದರಿಂದ ಕೋಟೆ ಬೀಳುತ್ತದೆಯೇ?" ಎಂದು ಕೇಳುವವರು ಆ ಕಲ್ಲು ಯಾವುದೆಂದು ಒಮ್ಮೆ ನೋಡಬೇಕು. ಅದು ನಮ್ಮ ಕರಾವಳಿಯ ಮನೆ, ಬಾವಿ, ಪಾಗಾರಗಳಿಗೆಲ್ಲ ಬಳಸುವ ಚಿರೇಕಲ್ಲು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿಬಿಸಿಲಿಗೆ ಒಡ್ಡಿಕೊಂಡ ಮೇಲೆ ಅದರಲ್ಲಿರುವ ಕಬ್ಬಿಣದ ಅಂಶದಿಂದಾಗಿ ಹೊರಮೈ ಗಟ್ಟಿಯಾಗುತ್ತದೆ. ಶತಮಾನಗಳ ಕಾಲ ಗಟ್ಟಿಯಾದ ಆ ಹೊರಮೈಯನ್ನು ಕೀಲಿಯ ತುದಿ ಒಡೆದರೆ ಒಳಗಿನ ಮೆತ್ತನೆಯ ತೂತುತೂತಾದ ಭಾಗ ನೀರಿಗೆ ಬಾಯ್ತೆರೆಯುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ನೀರು ಅಂಥ ಗೀರನ್ನು ಹಾಗೆಯೇ ಬಿಡುವುದಿಲ್ಲ. ಒಬ್ಬರು ಕೊರೆದದ್ದನ್ನು ಕಂಡು ಇನ್ನೊಬ್ಬರು ಅದರ ಪಕ್ಕದಲ್ಲೇ ಕೊರೆಯುತ್ತಾರೆ. ಕಣ್ಣಿನ ಎತ್ತರದ ಕಲ್ಲುಗಳಲ್ಲಿ ಅಕ್ಷರ ತುಂಬಿರುವುದನ್ನು ನೀವೇ ಹೋಗಿ ನೋಡಬಹುದು.

ಈ ಕೋಟೆಯನ್ನು ಕಟ್ಟಿಸಿದ್ದು ಯಾರೆಂಬ ಬಗ್ಗೆ ಚರಿತ್ರಕಾರರಲ್ಲಿ ಭಿನ್ನಾಭಿಪ್ರಾಯವಿದೆ. ನಮ್ಮ ಸುತ್ತಿನ ಊರುಗಳ ಬಾಯಲ್ಲಿ ಮಾತ್ರ ಅದು ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ. 1552ರಿಂದ 1606ರವರೆಗೆ ಆಳಿದ ಈ ರಾಣಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಅಘನಾಶಿನಿಯ ದಡದ ಈ ನೆಲದಿಂದ ಮೆಣಸು ಹಡಗೇರಿ ಹೋಗುತ್ತಿದ್ದ ಕಾಲವದು. 2000-01ರಲ್ಲಿ ಪುರಾತತ್ವ ಇಲಾಖೆ ಇಲ್ಲಿ ಅಗೆದಾಗ ಚೀನಾದ ಪಿಂಗಾಣಿ ಚೂರುಗಳು ಕೂಡ ಸಿಕ್ಕವು. ಇಷ್ಟೆಲ್ಲ ಕಂಡ ಗೋಡೆಯ ಎದುರು ನಿಂತವರಿಗೆ ತಮ್ಮ ಹೆಸರೊಂದೇ ನೆನಪಾಗುವುದು ಹೇಗೆಂದು ನನಗೆ ಈಗಲೂ ಅರ್ಥವಾಗಿಲ್ಲ.

ಹಿಂದೊಮ್ಮೆ ಓದಿಕೊಂಡ ಅತಿಥಿಯೊಬ್ಬರು ನನ್ನೊಡನೆ ವಾದಕ್ಕಿಳಿದರು. ರಾಜರು ಕೂಡ ಕಲ್ಲಿನ ಮೇಲೆ ಹೆಸರು ಕೆತ್ತಿಸಿದ್ದಾರೆ, ಅದನ್ನು ಶಾಸನವೆಂದು ಗೌರವಿಸುತ್ತೀರಿ, ಇಂದಿನವರು ಬರೆದರೆ ಅಪರಾಧವೇ ಎಂಬುದು ಅವರ ಪ್ರಶ್ನೆ. ಶಿರಸಿ ತಾಲೂಕಿನ ಬನವಾಸಿಗೆ ಹೋಗಿ, ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ನಾಗಶಿಲೆಯನ್ನು ನೋಡಿ ಬನ್ನಿ ಎಂದೆ. ಪ್ರಾಕೃತ ಭಾಷೆಯ ಅದರ ಶಾಸನದಲ್ಲಿ, ಶಾತಕರ್ಣಿ ದೊರೆಯ ಮಗಳು ನಾಗನ ಶಿಲ್ಪ, ಕೆರೆ ಮತ್ತು ವಿಹಾರವನ್ನು ಮಾಡಿಸಿಕೊಟ್ಟದ್ದು ದಾಖಲಾಗಿದೆ. ನಾಗನನ್ನು ಕೆತ್ತಿದ ನಟಕನೆಂಬ ಶಿಲ್ಪಿಯ ಹೆಸರೂ ಅವನ ಗುರು ದಾಮೋರಕನ ಹೆಸರೂ ಇವೆ. ಆಕೆ ಕೊಟ್ಟದ್ದಕ್ಕೆ ಆಕೆಯ ಉಲ್ಲೇಖ, ಅವನು ಕೆತ್ತಿದ್ದಕ್ಕೆ ಅವನ ಹೆಸರು. ಊರಿಗೊಂದು ಕೆರೆ ಕಟ್ಟಿಸಿಕೊಟ್ಟವರು ಕಲ್ಲು ನೆಡಿಸಿ ಹೆಸರು ಕೆತ್ತಿಸಲಿ, ನಾನೇ ಹೂವು ಇಟ್ಟು ಬರುತ್ತೇನೆ. ಅರ್ಧ ಗಂಟೆ ಅಡ್ಡಾಡಿ ಹೋಗುವವರು ಇನ್ನೊಬ್ಬರು ಕಟ್ಟಿದ ಗೋಡೆಯನ್ನು ಗೀರಿ ಅದನ್ನು ಶಾಸನದ ಸಾಲಿಗೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ.

ಕಾನೂನು ಇಲ್ಲವೆಂದೇನಲ್ಲ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ, ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಆದರೆ ಅಷ್ಟು ದೊಡ್ಡ ಕೋಟೆಯ ಮೂಲೆಮೂಲೆಗೂ ಕಾವಲಿನವರು ಏಕಕಾಲಕ್ಕೆ ಹೋಗಲಾರರು. ತಡೆಯಬೇಕಾದವರು ಅಲ್ಲಿಗೆ ಕಳಿಸುವ ನಾವೇ: ಹೋಂಸ್ಟೇ ನಡೆಸುವವರು, ಟ್ಯಾಕ್ಸಿ ಓಡಿಸುವವರು, ಶಾಲಾ ಪ್ರವಾಸ ಕರೆತರುವ ಮಾಸ್ತರರು. ಗೋಕರ್ಣ, ಯಾಣ, ಮಿರ್ಜಾನ್ ಎಂದು ಒಂದೇ ದಿನದಲ್ಲಿ ಸುತ್ತಿಸಿ ಹಣ ಪಡೆಯುವ ನಮಗೆ, ಕಾರು ಹತ್ತಿಸುವ ಮೊದಲು ಎರಡು ಮಾತು ಹೇಳುವ ಹೊಣೆಯೂ ಇದೆ.

ಬಂದವರಿಗೆ ಏನಾದರೂ ಬರೆದು ಹೋಗಬೇಕೆನಿಸುವುದು ನನಗೆ ಚೆನ್ನಾಗಿ ಗೊತ್ತು, ನನ್ನ ಪುಸ್ತಕ ತುಂಬಿದ್ದು ಅದರಿಂದಲೇ. ಆದ್ದರಿಂದ ಕೋಟೆಯ ಬಾಗಿಲಿನಲ್ಲಿ ದಪ್ಪನೆಯ ಪುಸ್ತಕವೊಂದನ್ನೂ ದಾರ ಕಟ್ಟಿದ ಪೆನ್ನನ್ನೂ ಇಡಲು ಅನುಮತಿ ಕೇಳಿ ಪುರಾತತ್ವ ಇಲಾಖೆಗೆ ಮನವಿ ಬರೆಯುತ್ತಿದ್ದೇನೆ. ಪುಸ್ತಕದ ಖರ್ಚು ನನ್ನದು. ಮಳೆಗಾಲದಲ್ಲಿ ಹಾಳೆ ನೆನೆಯದಂತೆ ಒಂದು ಮರದ ಪೆಟ್ಟಿಗೆಯನ್ನೂ ಮಾಡಿಸಿಕೊಡುತ್ತೇನೆ. ಕುಮಟಾ, ಗೋಕರ್ಣದ ಕಡೆ ಅತಿಥಿಗಳನ್ನು ಇರಿಸಿಕೊಳ್ಳುವ ಸ್ನೇಹಿತರು ಮನವಿಗೆ ಸಹಿ ಹಾಕುವುದಾದರೆ ಇನ್‌ಬಾಕ್ಸಿಗೆ ಬನ್ನಿ. ನಮ್ಮಲ್ಲಿ ಕೋಣೆ ಕಾಯ್ದಿರಿಸಲು ಫೋನು ಮಾಡುವವರಿಗೆ ಇನ್ನು ಮೇಲೆ ಊಟತಿಂಡಿಯ ವಿವರದ ಜೊತೆ ಇದನ್ನೂ ಹೇಳುತ್ತೇನೆ: ಕೋಟೆಯ ಕಲ್ಲು ಗೀರಿದ್ದು ಗೊತ್ತಾದರೆ, ಎಷ್ಟೇ ಹಳೆಯ ಪರಿಚಯದವರಾದರೂ, ನಮ್ಮ ಮನೆಯಲ್ಲಿ ಮತ್ತೆ ಕೋಣೆ ಸಿಗುವುದಿಲ್ಲ.