ಅಡಿಕೆ ಸುಲಿದ ಮಗುವನ್ನೂ ಎಣಿಸಬೇಕಾ?

ಪರ

ಶಿರಸಿ ಕಡೆ ಅಡಿಕೆಗೊನೆ ಕೊಯ್ಲು ಶುರುವಾಯ್ತು ಅಂದರೆ ಮನೆಮಂದಿಯೆಲ್ಲ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ, ಮಕ್ಕಳೂ. ಬಾಲಕಾರ್ಮಿಕರನ್ನು ಎಣಿಸುವ ಸಮೀಕ್ಷೆಯವರು ಬಂದು ಕೇಳಿದರೆ, "ಕೆಲಸ ಎಂಥದ್ದು, ಸುಮ್ನೆ ಕೈ ಹಚ್ತಾನೆ" ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಆ ಮಗು ಲೆಕ್ಕದಿಂದ ಹೊರಗೆ.

ಬಾಲಕಾರ್ಮಿಕ ಎಂದರೆ ನಮಗೆಲ್ಲ ಹೋಟೆಲಲ್ಲಿ ಲೋಟ ತೊಳೆಯುವ ಹುಡುಗನೇ ನೆನಪಾಗುತ್ತಾನೆ. ಆದರೆ 2020ಕ್ಕೆ ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) ಮತ್ತು ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್ ಹಾಕಿದ ಲೆಕ್ಕದಲ್ಲಿ ಜಗತ್ತಿನಲ್ಲಿ ಬಾಲಕಾರ್ಮಿಕರು 16 ಕೋಟಿ, ಅವರಲ್ಲಿ ನೂರಕ್ಕೆ 72 ಮಂದಿ ದುಡಿಯುತ್ತಿದ್ದದ್ದು ತಮ್ಮ ಮನೆಯವರ ಜೊತೆಗೇ. ಮನೆಯ ದುಡಿಮೆ ಬಿಟ್ಟು ಎಣಿಸಿದರೆ ಉಳಿಯುವುದೆಷ್ಟು?

ಮನೆಯದು ಅಂದಮಾತ್ರಕ್ಕೆ ಅಪಾಯ ಕಡಿಮೆಯೇನಲ್ಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಕಲಸುವಾಗ ಮೈಲುತುತ್ತ (ತಾಮ್ರದ ಸಲ್ಫೇಟ್) ಕಣ್ಣಿಗೆ ಹಾರಿದರೆ, ಕಲಸು ಎಂದವನು ಅಪ್ಪನೇ ಆದರೂ ಉರಿಯುತ್ತದೆ. ಇನ್ನು ಮಕ್ಕಳು ದುಡಿಯುವುದಕ್ಕೆ ಕಾರಣ. ಸಾಲ, ಕಾಯಿಲೆ, ಆಳು ಸಿಗದಿರುವುದು, ಶಾಲೆ ದೂರ ಇರುವುದು, ಇವೆಲ್ಲ ಜಗಲಿಯಲ್ಲಿ ಕೂತು ನಿಧಾನಕ್ಕೆ ಕೇಳಿದರೆ ಮಾತ್ರ ಬಾಯಿಗೆ ಬರುತ್ತವೆ.

ವಿರೋಧ

ಎಣಿಸಲಿ, ಬೇಡ ಅಂದವರು ಯಾರು? ಅಳತೆಗೋಲು ಮಾತ್ರ ಒಮ್ಮೆ ನೋಡಿ. ಆ ಜಾಗತಿಕ ಲೆಕ್ಕದಲ್ಲಿ 5ರಿಂದ 11 ವರ್ಷದ ಮಗು ವಾರಕ್ಕೆ ಒಂದೇ ಒಂದು ಗಂಟೆ ಇಂಥ ಕೆಲಸ ಮಾಡಿದರೂ ಬಾಲಕಾರ್ಮಿಕ. 12ರಿಂದ 14ರವರಿಗೆ 14 ಗಂಟೆ. ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಭಾನುವಾರ ಅಮ್ಮನ ಪಕ್ಕ ಕೂತು ಮಾರುವ ಸಿಗಡಿ ಸುಲಿದ ಹತ್ತು ವರ್ಷದವಳೂ, ಕ್ವಾರಿಯಲ್ಲಿ ದಿನವಿಡೀ ಕಲ್ಲು ಒಡೆಯುವವನೂ ಒಂದೇ ಮೊತ್ತದೊಳಗೆ! (ಅಪಾಯದ ಕೆಲಸಕ್ಕೆ ಬೇರೆ ಲೆಕ್ಕವಿದೆ, ಒಪ್ಪಿದೆ. 2024ರದ್ದರಲ್ಲಿ ಒಟ್ಟು 13.8 ಕೋಟಿ, ಅಪಾಯದ್ದು 5.4 ಕೋಟಿ. ತಲೆಬರಹಕ್ಕೆ ಹೋಗುವುದು ದೊಡ್ಡದೇ ಅಲ್ವಾ?) ನಮ್ಮ ಕಾನೂನೋ, 2016ರ ತಿದ್ದುಪಡಿ ಆದಮೇಲೆ, ಶಾಲೆ ಬಿಟ್ಟ ಮೇಲೆ ಇಲ್ಲವೇ ರಜೆಯಲ್ಲಿ ಅಪಾಯವಿಲ್ಲದ ಮನೆಕಸುಬಿಗೆ ಮಕ್ಕಳು ನೆರವಾಗಬಹುದು ಎನ್ನುತ್ತದೆ.

ದೊಡ್ಡ ಅಂಕಿ ಕಂಡರೆ ಅವಸರ ಜಾಸ್ತಿ. 1992ರಲ್ಲಿ ಅಮೆರಿಕದಲ್ಲಿ ಮಕ್ಕಳ ಕೈಯಲ್ಲಿ ಮಾಡಿಸಿದ ಸರಕನ್ನು ತಡೆಯುವ ಮಸೂದೆ ಬಂತು. ಅದು ಪಾಸೇ ಆಗಲಿಲ್ಲ, ಅಷ್ಟಕ್ಕೇ ಹೆದರಿ ಬಾಂಗ್ಲಾದೇಶದ ಗಾರ್ಮೆಂಟ್ ಕಾರ್ಖಾನೆಗಳು ಸಾವಿರಾರು ಮಕ್ಕಳನ್ನು ಹೊರಗೆ ಹಾಕಿದವು. ಆಮೇಲೆ ಹುಡುಕಿಕೊಂಡು ಹೋದವರಿಗೆ ಕೆಲವರು ಸಿಕ್ಕಿದ್ದು ಕಲ್ಲು ಒಡೆಯುವ ಜಾಗದಲ್ಲಿ, ಇನ್ನು ಕೆಲವರು ಅದಕ್ಕಿಂತ ಕೆಟ್ಟ ಕಡೆ.

ಹಾಗಾಗಿ ಸಿಗಡಿ ಸುಲಿಯುವವಳ ಮನೆಗೂ ಸಮೀಕ್ಷೆಯವರು ಬರಲಿ, ಬಂದವರು ಸೋಮವಾರ ಶಾಲೆಗೆ ಹೋಗಿದ್ಯಾ, ಕೈ ಕೊಯ್ದುಕೊಂಡ್ಯಾ ಅಂತ ಮೊದಲು ಕೇಳಲಿ. ಗಂಟೆ ಲೆಕ್ಕ ಆಮೇಲೆ ಬರೆದುಕೊಳ್ಳಲಿ.